ಅಂಗಳಕ್ಕೆ ಕಲ್ಲು ಹಾಸಲು ಎಷ್ಟು ದಿವಸ ಬೇಕು?

(ಲೇಖಕರು: ಜಾಲಹಳ್ಳಿಯ ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಏಜಿ.)

ಸರ್ಕೀಟಿನ ಕಾಲದಲ್ಲಿ ಗ್ರಾಮದ ಯಜಮಾನರೂ ಜಮೀನುದಾರರೂ ಈಚೆಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: “ಮನೆಯ ಮುಂದಿನ ಅಂಗಳಕ್ಕೆ ಪೇವರ್ ಕಲ್ಲು ಹಾಕಿಸಬೇಕೆಂದಿದ್ದೇವೆ, ಸ್ವಾಮಿ, ಎಷ್ಟು ದಿವಸದ ಕೆಲಸ?” ಬೀಜ, ಗೊಬ್ಬರ, ಹುಳುಗಳ ಕಾಟ ಇವುಗಳ ವಿಷಯವನ್ನು ಬಿಟ್ಟು ಕಲ್ಲಿನ ವಿಷಯವನ್ನು ಕೇಳುವರಲ್ಲಾ ಎಂದು ಮೊದಮೊದಲು ನನಗೆ ಆಶ್ಚರ್ಯವಾಗುತ್ತಿತ್ತು. ವಿಚಾರಮಾಡಿ ನೋಡಿದರೆ ಇದೂ ವ್ಯವಸಾಯಕ್ಕೆ ಸೇರಿದ ಪ್ರಶ್ನೆಯೇ ಆಗಿದೆ. ಏಕೆಂದರೆ ಈ ಸೀಮೆಯಲ್ಲಿ ಬಹುಮಂದಿಗೆ ಮನೆಯ ಅಂಗಳವೇ ಈಗ ಒಕ್ಕಣೆಯ ಕಣವೂ ಆಗಿದೆ. ಅಂಗಳ ಕೆಟ್ಟರೆ ಕಾಳು ಕೆಡುವುದು; ಅಂಗಳದ ನೀರು ಗೋಡೆಗೆ ತಿರುಗಿದರೆ ಮನೆಯೂ ಕೆಡುವುದು.

ಕಲ್ಲು ಹಾಕುವ ಗುತ್ತಿಗೆದಾರರನ್ನು ಕೇಳಿದರೆ “ಮೂರು ದಿವಸ” ಎಂದು ಉತ್ತರ ಬರುವುದು. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಕಲ್ಲನ್ನು ಜೋಡಿಸುವುದಕ್ಕೆ ಅಷ್ಟೇ ದಿವಸ ಸಾಕು. ಆದರೆ ಅಂಗಳವು ನಿಲ್ಲುವುದು ಕಲ್ಲಿನ ಮೇಲಲ್ಲ, ಕಲ್ಲಿನ ಕೆಳಗಿರುವ ನೆಲದ ಮೇಲೆ. ಆ ನೆಲಕ್ಕೆ ಸಲ್ಲಬೇಕಾದ ದಿವಸಗಳನ್ನು ಲೆಕ್ಕದಿಂದ ಬಿಟ್ಟುಬಿಟ್ಟರೆ ಮೂರು ದಿವಸದ ಕೆಲಸವು ಮೂರು ತಿಂಗಳಲ್ಲಿ ಹಾಳಾಗುವುದು. ಆದುದರಿಂದ ಈ ಪಾಠದಲ್ಲಿ ೨೦ ಅಡಿ ಉದ್ದ, ೨೦ ಅಡಿ ಅಗಲ, ಅಂದರೆ ೪೦೦ ಚದರ ಅಡಿಯ ಅಂಗಳವೊಂದನ್ನು ಮಾದರಿಯಾಗಿಟ್ಟುಕೊಂಡು, ದಿವಸಗಳು ಎಲ್ಲೆಲ್ಲಿ ವೆಚ್ಚವಾಗುತ್ತವೆ, ಅವುಗಳಲ್ಲಿ ಯಾವುದನ್ನು ಉಳಿಸಬಹುದು, ಯಾವುದನ್ನು ಎಂದಿಗೂ ಉಳಿಸಕೂಡದು ಎಂಬುದನ್ನು ವಿವರಿಸಲಾಗುವುದು.

೧. ಅಂಗಳವೇ ಕಣವಾದ ಬಗೆ

ಹಿಂದೆ ಜಾಲಹಳ್ಳಿಯ ಸುತ್ತಮುತ್ತ ಪ್ರತಿಯೊಂದು ಒಕ್ಕಲಿಗೂ ಊರ ಹೊರಗೆ ಒಂದು ಕಣವಿರುತ್ತಿತ್ತು. ೧೯೫೩ನೆಯ ಇಸವಿಯಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯೂ, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಇಲ್ಲಿ ಸ್ಥಾಪಿತವಾದುವು. ಅನಂತರ ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆಯಿತು. ಹೊಲಗಳು ನಿವೇಶನಗಳಾದುವು, ಕಣಗಳು ಮನೆಗಳ ಕೆಳಗೆ ಮುಚ್ಚಿಹೋದುವು. ಆದರೂ ಊರ ಹೊರಗೆ, ಹೆಸರಘಟ್ಟದ ಕಡೆಗೆ ಜಮೀನನ್ನು ಉಳಿಸಿಕೊಂಡಿರುವವರು ಇನ್ನೂ ರಾಗಿಯನ್ನು ಬೆಳೆಯುತ್ತಿದ್ದಾರೆ. ಅವರು ಕಾಳನ್ನು ತಂದು ಒಣಗಿಸುವುದು ಮನೆಯ ಮುಂದೆಯೇ. ಮಗಳ ಮದುವೆಯ ಚಪ್ಪರವೂ ಅಲ್ಲಿಯೇ ಏಳುವುದು, ಟ್ರ್ಯಾಕ್ಟರೂ ಅಲ್ಲಿಯೇ ನಿಲ್ಲುವುದು.

ಇಷ್ಟೂ ಸ್ಥಳವಿಲ್ಲದವರು ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದ ಒಕ್ಕಣೆಮಾಡಿಸುವುದುಂಟು. ಇದರಿಂದ ಕಾಳಿಗೆ ಕಲ್ಲೂ ಎಣ್ಣೆಯ ಜಿಡ್ಡೂ ಸೇರುವುವು. ಹುಲ್ಲಿನ ಮೇಲೆ ದ್ವಿಚಕ್ರವಾಹನಗಳು ಜಾರಿ ಜೀವಹಾನಿಯೂ ಆಗುವುದು. ಒಂದು ಊರಿನಲ್ಲಿ ನಾಲ್ಕಾರು ಮಂದಿ ಗಟ್ಟಿಯಾದ ಅಂಗಳಗಳನ್ನು ಮಾಡಿಸಿಕೊಂಡು ಸರದಿಯಂತೆ ನೆರೆಯವರಿಗೂ ಕೊಟ್ಟರೆ ರಸ್ತೆಯ ಒಕ್ಕಣೆಯು ತಾನಾಗಿಯೇ ನಿಲ್ಲುವುದು. ಗ್ರಾಮದ ಯಜಮಾನರು ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಬೇಕೆಂಬುದು ನನ್ನ ಕೋರಿಕೆ.

೨. ಮೊದಲು ನೆಲವನ್ನು ವಿಚಾರಿಸಬೇಕು

ಗುದ್ದಲಿಯನ್ನು ಹಿಡಿಯುವುದಕ್ಕೆ ಮುಂಚೆ ಒಂದು ದಿವಸವನ್ನು ನೆಲದ ಪರೀಕ್ಷೆಗೆ ಕೊಡತಕ್ಕದ್ದು. ಅಂಗಳದ ನಾಲ್ಕು ಮೂಲೆಗಳಲ್ಲಿಯೂ ಮಧ್ಯದಲ್ಲಿಯೂ ಒಂದೊಂದು ಅಡಿ ಆಳದ ಗುಣಿಗಳನ್ನು ತೆಗೆದು ನೋಡಿದರೆ ಕೆಳಗಿರುವ ಮಣ್ಣು ಯಾವುದೆಂದು ಗೊತ್ತಾಗುವುದು. ಕೆಂಪು ಗರಸು ಮಣ್ಣಾದರೆ ಚಿಂತೆಯಿಲ್ಲ. ಅದು ನೀರನ್ನು ಬಸಿಯುವುದು, ದಮ್ಮಸಿಗೆ ಚೆನ್ನಾಗಿ ಕೂಡುವುದು. ಕೆರೆಯ ಮಗ್ಗುಲಿನ ಜೇಡಿಮಣ್ಣಾದರೆ ಅದು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ, ಮುಂದೆ ಹೇಳುವ ಜಲ್ಲಿಯ ಹಾಸನ್ನು ೫ ಅಂಗುಲದ ಬದಲು ೮ ಅಂಗುಲ ಮಾಡಬೇಕು. ಕೆಲಸಕ್ಕೆ ಎರಡು ಮೂರು ದಿವಸ ಹೆಚ್ಚಾಗಿ ಹಿಡಿಯುವುದು.

ಎರಡನೆಯದಾಗಿ, ಹಾರೆಯಿಂದ ಎರಡೆರಡು ಅಡಿಗೆ ಒಂದರಂತೆ ಅಂಗಳದ ಉದ್ದಕ್ಕೂ ಕುಟ್ಟಿ ನೋಡತಕ್ಕದ್ದು. ಹಾರೆ ಒಂದೇ ಸಮನಾಗಿ ತಡೆದರೆ ನೆಲ ಗಟ್ಟಿ. ಒಂದು ಕಡೆ ಮಾತ್ರ ಸರಕ್ಕನೆ ಇಳಿದರೂ, ಬುಡುಬುಡು ಶಬ್ದ ಬಂದರೂ ಅಲ್ಲಿ ಹಳೆಯ ಗುಂಡಿಯಿದೆಯೆಂದು ತಿಳಿಯಬೇಕು. ನಮ್ಮ ಹಳೆಯ ಊರುಗಳಲ್ಲಿ ಇಂಥ ಗುಂಡಿಗಳಲ್ಲಿ ಮುಖ್ಯವಾದದ್ದು ಹಗೇವು. ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುವುದಕ್ಕಾಗಿ ಹಿರಿಯರು ಗಟ್ಟಿನೆಲದಲ್ಲಿ ತೋಡಿಸುತ್ತಿದ್ದ ನೆಲಗಣಜವಿದು. ಬಾಯಿ ಮನುಷ್ಯನೊಬ್ಬ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಮೇಲೆ ನಿಂತವನಿಗೆ ಅದರ ಅಗಲವು ತಿಳಿಯುವುದೇ ಇಲ್ಲ.

ಈ ವಿಷಯದಲ್ಲಿ ನನ್ನ ಮನೆಯಲ್ಲಿಯೇ ನಡೆದ ಸಂಗತಿಯನ್ನು ಹೇಳುವುದು ಉಚಿತವೆಂದು ಭಾವಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಮದುವೆ ಗೊತ್ತಾಯಿತು. ಬೀಗರು ಬರುವುದಕ್ಕೆ ಮುಂಚೆ ಅಂಗಳ ಅಂದವಾಗಿರಲೆಂದು ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಒಬ್ಬ ಗುತ್ತಿಗೆದಾರನಿಗೆ ಕೆಲಸವನ್ನು ಒಪ್ಪಿಸಿದೆನು. ಅವನು ಮೂರು ದಿವಸದ ಮಾತು ಕೊಟ್ಟನು, ಮೂರೇ ದಿವಸದಲ್ಲಿ ಮುಗಿಸಿಯೂ ಕೊಟ್ಟನು. ಕೆಲಸ ಆರಂಭವಾದ ದಿವಸ ನನ್ನ ತಾಯಿಯವರು ಜಗುಲಿಯ ಮೇಲೆ ಕುಳಿತು, “ಆ ಮೂಲೇಲಿ ನಿಮ್ಮ ತಾತನ ಕಾಲದ ಹಗೇವು ಐತೆ ಕಣಪ್ಪ, ನೋಡಿಕೊಂಡು ಅಗೆಸು” ಎಂದರು. ಇತರರಿಗೆ ಬುದ್ಧಿ ಹೇಳುವುದೇ ಉದ್ಯೋಗವಾಗಿದ್ದ ನಾನು ಆ ಮಾತಿಗೆ ಕಿವಿಗೊಡಲಿಲ್ಲ. ಹಾರೆಯಿಂದ ಒಂದು ಸಲ ಕುಟ್ಟಿಯೂ ನೋಡಲಿಲ್ಲ.

ಅಕ್ಟೋಬರಿನ ಎರಡು ದೊಡ್ಡ ಮಳೆಗಳು ಬಂದುವು. ಮೂಲೆಯಲ್ಲಿ ಐದಾರು ಅಡಿ ಅಗಲಕ್ಕೆ ಕಲ್ಲುಗಳು ತಟ್ಟೆಯಂತೆ ತಗ್ಗಿಬಿಟ್ಟುವು. ಹೊರಗೆ ಹರಿಯಬೇಕಾದ ನೀರು ಅಲ್ಲಿ ನಿಂತು ಗೋಡೆಯ ಬುಡಕ್ಕೆ ಇಳಿಯಿತು. ಆ ಗೋಡೆಯ ಒಳಮಗ್ಗುಲಲ್ಲಿ ನಾಲ್ಕು ಮೂಟೆ ರಾಗಿಯಿತ್ತು. ಅದರಲ್ಲಿ ಒಂದು ಮೂಟೆ ಮುಂದಿನ ವರ್ಷದ ಬಿತ್ತನೆಯ ಬೀಜ. ಮದುವೆಯ ಗಲಾಟೆಯಲ್ಲಿ ಯಾರೂ ನೋಡಲಿಲ್ಲ. ಮೂಟೆಗಳನ್ನು ತೆಗೆಯುವ ಹೊತ್ತಿಗೆ ತಳದ ಕಾಳು ಬೂಸಲು ಹಿಡಿದು ಹೆಂಟೆಗಟ್ಟಿತ್ತು. ಬೀಜದ ರಾಗಿಯು ಮೊಳೆಯಲಿಲ್ಲ. ಊರಿನವರಿಗೆಲ್ಲಾ ಬೀಜ ಕಾಯ್ದಿಡುವ ಕ್ರಮವನ್ನು ಬೋಧಿಸುತ್ತಿದ್ದವನು ಆ ವರ್ಷ ಬಿತ್ತನೆಗೆ ನೆರೆಯವರಲ್ಲಿ ಬೀಜವನ್ನು ಕೇಳಬೇಕಾಯಿತು.

ಬೇಸಗೆಯಲ್ಲಿ ಕಲ್ಲುಗಳನ್ನೆಲ್ಲಾ ಕಿತ್ತು ನೋಡಿದಾಗ ತಾಯಿಯವರು ಹೇಳಿದ ಸ್ಥಳದಲ್ಲಿಯೇ ಹಗೇವು ಕಾಣಿಸಿತು. ಯಾವ ಕಾಲದಲ್ಲಿಯೋ ಬೂದಿ, ಕಸ, ಮುರಿದ ಹೆಂಚುಗಳನ್ನು ಸುರಿದು ಅದನ್ನು ಮುಚ್ಚಿದ್ದರು. ಆಳ ಸುಮಾರು ಎಂಟು ಅಡಿ. ಅದನ್ನು ಸರಿಯಾಗಿ ತುಂಬುವುದಕ್ಕೆ ಐದು ದಿವಸಗಳೂ, ಅಂಗಳವನ್ನು ಕ್ರಮವಾಗಿ ಹಾಸುವುದಕ್ಕೆ ಹದಿನಾಲ್ಕು ದಿವಸಗಳೂ, ಒಟ್ಟು ಹತ್ತೊಂಬತ್ತು ದಿವಸಗಳು ಹಿಡಿದುವು. ಹನ್ನೊಂದು ದಿವಸಗಳನ್ನು ಉಳಿಸಲು ಹೋಗಿ ಎರಡು ಸಲದ ಕೂಲಿಯನ್ನೂ ಒಂದು ವರ್ಷದ ಬೀಜವನ್ನೂ ಕಳೆದುಕೊಂಡಂತಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯು ನನ್ನ ವಿಷಯದಲ್ಲಿ ಸತ್ಯವಾಯಿತು.

ಎಚ್ಚರಿಕೆ: ಹಗೇವು ಟೊಳ್ಳಾಗಿದ್ದರೆ ಅದರೊಳಕ್ಕೆ ಯಾರನ್ನೂ ಇಳಿಸಕೂಡದು. ಬಹುಕಾಲ ಮುಚ್ಚಿದ ಗುಂಡಿಯಲ್ಲಿ ಉಸಿರಾಟಕ್ಕೆ ಯೋಗ್ಯವಾದ ಗಾಳಿಯಿರುವುದಿಲ್ಲ. ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳುವನು, ಅವನನ್ನು ಎತ್ತಲು ಇಳಿದವನೂ ಬೀಳುವನು. ದೂರದಲ್ಲಿ ನಿಂತ ಯಂತ್ರದಿಂದ ಬಾಯಿಯನ್ನು ಅಗಲವಾಗಿ ಒಡೆಸಿ, ಒಳಗಿರುವ ಸಡಿಲ ಕಸವನ್ನು ಅದರಿಂದಲೇ ಎತ್ತಿಸಿ, ಮೇಲಿನಿಂದಲೇ ಗರಸನ್ನು ಅರ್ಧ ಅರ್ಧ ಅಡಿಯಂತೆ ಸುರಿದು, ನೀರು ಚಿಮುಕಿಸಿ, ಉದ್ದ ಹಿಡಿಯ ದಮ್ಮಸಿನಿಂದ ಬಡಿದು ತುಂಬತಕ್ಕದ್ದು. ಒಂದೇ ಸಲ ಮಣ್ಣು ಸುರಿದು ಮುಚ್ಚಿದರೆ ಮತ್ತೆ ಕುಸಿಯುವುದು ಖಂಡಿತ.

೩. ಸಾಮಾನುಗಳ ಲೆಕ್ಕ

ಕೆಲಸ ನಿಲ್ಲುವುದಕ್ಕೆ ಸಾಮಾನು ಸಾಲದೆ ಬರುವುದೇ ಹೆಚ್ಚಿನ ಕಾರಣ. ಆದುದರಿಂದ ಲೆಕ್ಕವನ್ನು ಮೊದಲೇ ಮಾಡಿ ಎಲ್ಲವನ್ನೂ ತರಿಸಿಟ್ಟುಕೊಳ್ಳಬೇಕು.

ಜನರು ನಡೆದಾಡುವ, ಕಾಳು ಒಣಗಿಸುವ ಅಂಗಳಕ್ಕೆ ೬೦ ಮಿಲಿಮೀಟರು ದಪ್ಪದ ಸಿಮೆಂಟಿನ ಪೇವರ್ ಕಲ್ಲು ಸಾಕು. ತುಂಬಿದ ಟ್ರ್ಯಾಕ್ಟರು ಬಂದು ನಿಲ್ಲುವುದಾದರೆ ೮೦ ಮಿಲಿಮೀಟರಿನದನ್ನೇ ತರಿಸಿ, ಜಲ್ಲಿಯ ಹಾಸನ್ನೂ ೮ ಅಂಗುಲಕ್ಕೆ ಏರಿಸಬೇಕು. ೨೦೦ ಮಿಲಿಮೀಟರು ಉದ್ದ, ೧೦೦ ಮಿಲಿಮೀಟರು ಅಗಲದ ಕಲ್ಲಾದರೆ ಒಂದು ಚದರ ಮೀಟರಿಗೆ ೫೦ ಬೇಕು. ನಮ್ಮ ಮಾದರಿ ಅಂಗಳವು ಸುಮಾರು ೩೭ ಚದರ ಮೀಟರು. ಅಂಚಿನಲ್ಲಿ ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಐದನ್ನು ಸೇರಿಸಿದರೆ ಸುಮಾರು ೧,೯೫೦ ಕಲ್ಲುಗಳಾಗುವುವು. ಇವುಗಳ ತೂಕವು ಐದೂವರೆ ಟನ್ನಿಗೆ ಮೇಲ್ಪಡುವುದರಿಂದ ಲಾರಿ ನಿಲ್ಲುವ ಸ್ಥಳವನ್ನೂ ಮೊದಲೇ ನೋಡಿಕೊಳ್ಳತಕ್ಕದ್ದು. ತಯಾರಾಗಿ ನಾಲ್ಕು ವಾರಗಳಾದರೂ ಆದ ಕಲ್ಲನ್ನೇ ಕೇಳಿ ಪಡೆಯಬೇಕು. ಹಸಿ ಕಲ್ಲಿನ ಅಂಚು ದಮ್ಮಸಿನ ಪೆಟ್ಟಿಗೆ ಮುರಿಯುವುದು. ಎರಡು ಕಲ್ಲುಗಳನ್ನು ಒಂದಕ್ಕೊಂದು ತಟ್ಟಿದಾಗ ಕಣಕಣ ಧ್ವನಿ ಬರಬೇಕು.

ಜಲ್ಲಿಯ ಹಾಸು ೫ ಅಂಗುಲವಾದರೆ ದಮ್ಮಸಾದ ಮೇಲೆ ಸುಮಾರು ೧೬೭ ಘನ ಅಡಿಯಾಗುವುದು; ಸಡಿಲವಾಗಿ ತರಿಸುವಾಗ ೨೧೦ ಘನ ಅಡಿ ಬೇಕು. ಒಂದೇ ಗಾತ್ರದ ಜಲ್ಲಿಯನ್ನು ತರಿಸಬಾರದು. ದಪ್ಪ ಜಲ್ಲಿ, ಸಣ್ಣ ಜಲ್ಲಿ, ಜಲ್ಲಿಪುಡಿ ಮೂರೂ ಬೆರೆತಿದ್ದರೆ ಮಾತ್ರ ಒಂದನ್ನೊಂದು ಹಿಡಿದು ಕೂರುವುವು. ಕಲ್ಲಿನ ಕೆಳಗೆ ಹಾಸುವ ಮರಳು ಒಂದೇ ಅಂಗುಲ. ಸಂದುಗಳಿಗೂ ಸೇರಿ ೪೫ ಘನ ಅಡಿ ಸಾಕು. ಈಗ ನದಿಯ ಮರಳು ದೊರೆಯುವುದು ಕಷ್ಟವಾದುದರಿಂದ ತೊಳೆದ ಎಂ-ಸ್ಯಾಂಡನ್ನು ಉಪಯೋಗಿಸಬಹುದು. ಅಗ್ಗವೆಂದು ಬರಿಯ ಜಲ್ಲಿಪುಡಿಯನ್ನು ಹಾಸಿದರೆ ಅದು ನೀರನ್ನು ಹಿಡಿದಿಟ್ಟುಕೊಂಡು ಕೆಸರಾಗಿ, ಕಾಲಿಟ್ಟಾಗ ಕಲ್ಲುಗಳು ಅಲುಗಾಡುವುವು.

೪. ದಿನವಹಿ ಕೆಲಸದ ಕ್ರಮ

ಗರಸು ನೆಲ, ಒಣ ಹವೆ, ಒಬ್ಬ ಮೇಸ್ತ್ರಿ, ನಾಲ್ಕು ಮಂದಿ ಆಳುಗಳು ಎಂದು ಇಟ್ಟುಕೊಂಡರೆ ೪೦೦ ಚದರ ಅಡಿಯ ಕೆಲಸವು ಈ ರೀತಿಯಲ್ಲಿ ಸಾಗುವುದು.

೧ನೆಯ ದಿವಸ: ಗೂಟ ನೆಟ್ಟು ದಾರ ಕಟ್ಟುವುದು, ನೀರು ತುಂಬಿದ ಕೊಳವೆಯಿಂದ ಮಟ್ಟ ನೋಡುವುದು. ಅಂಗಳವು ಮನೆಯ ಗೋಡೆಯಿಂದ ಹೊರಕ್ಕೆ ನಾಲ್ಕು ಅಡಿಗೆ ಒಂದು ಅಂಗುಲದಂತೆ ಇಳಿಯಬೇಕು. ೨೦ ಅಡಿಗೆ ಈ ಇಳಿಜಾರು ೫ ಅಂಗುಲವಾಗುವುದು. ಬೋರ್‌ವೆಲ್ಲಿನ ತಂತಿ, ನಲ್ಲಿಯ ಕೊಳವೆ ಎಲ್ಲಿ ಹೋಗಿವೆಯೆಂದು ಈ ದಿವಸವೇ ಗುರುತುಮಾಡಬೇಕು.

೨ನೆಯ ಮತ್ತು ೩ನೆಯ ದಿವಸ: ಕಲ್ಲಿನ ಮೇಲ್ಮಟ್ಟದಿಂದ ಎಂಟೂವರೆ ಅಂಗುಲ ಕೆಳಕ್ಕೆ ಅಗೆಯುವುದು. ಗಟ್ಟಿಮಣ್ಣು ಸುಮಾರು ೨೮೦ ಘನ ಅಡಿ. ಅಗೆದ ಮೇಲೆ ಉಬ್ಬಿ ೩೫೦ರಷ್ಟಾಗುವುದು. ಮೇಲ್ಪದರದ ಒಳ್ಳೆಯ ಮಣ್ಣನ್ನು ಹಿತ್ತಲಿನ ಗಿಡಗಳಿಗೆ ಹಾಕಿಕೊಳ್ಳಬಹುದು.

೪ನೆಯ ದಿವಸ: ಅಗೆದ ನೆಲದ ಬೇರು, ಕಸ ತೆಗೆದು, ಮಟ್ಟಮಾಡಿ, ಸಂಜೆ ನೀರು ಚಿಮುಕಿಸಿ ರಾತ್ರಿಯೆಲ್ಲಾ ಬಿಡುವುದು.

೫ನೆಯ ದಿವಸ: ಬೆಳಿಗ್ಗೆ ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆಮಾಡಿ ಸೊಂಟದ ಎತ್ತರದಿಂದ ಬಿಡಬೇಕು. ನಾಲ್ಕಾರು ಚೂರಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು. ಅಂಟಿಕೊಂಡು ಚಪ್ಪಟೆಯಾದರೆ ನೀರು ಹೆಚ್ಚು. ಹದ ಬಂದ ಮೇಲೆ ಪ್ಲೇಟ್ ಕಂಪ್ಯಾಕ್ಟರ್ ಎಂಬ ಅದುರುವ ಯಂತ್ರದಿಂದ ಮೂರು ನಾಲ್ಕು ಸಲ ದಮ್ಮಸು ಮಾಡುವುದು. ಹಿಮ್ಮಡಿಯಿಂದ ಬಲವಾಗಿ ಒತ್ತಿದರೆ ಗುರುತು ಬೀಳಬಾರದು.

೬ನೆಯ ಮತ್ತು ೭ನೆಯ ದಿವಸ: ಜಲ್ಲಿಯನ್ನು ಎರಡು ಪದರಗಳಾಗಿ ಹಾಸುವುದು. ಪ್ರತಿಯೊಂದು ಪದರವನ್ನೂ ನೀರು ಚಿಮುಕಿಸಿ ಬೇರೆಬೇರೆಯಾಗಿಯೇ ದಮ್ಮಸು ಮಾಡಬೇಕು. ಐದು ಅಂಗುಲವನ್ನೂ ಒಂದೇ ಸಲ ಹಾಸಿದರೆ ಯಂತ್ರದ ಪೆಟ್ಟು ತಳಕ್ಕೆ ಮುಟ್ಟುವುದಿಲ್ಲ. ಇಳಿಜಾರು ಈ ಪದರದಲ್ಲಿಯೇ ಸಿದ್ಧವಾಗಬೇಕು.

೮ನೆಯ ದಿವಸ: ಸುತ್ತಲೂ ಅಂಚುಕಲ್ಲುಗಳನ್ನು ಕಾಂಕ್ರೀಟಿನಲ್ಲಿ ಕೂರಿಸುವುದು. ಪೇವರ್ ಕಲ್ಲುಗಳಿಗೆ ಗಾರೆಯ ಹಿಡಿತವಿಲ್ಲ. ಅಕ್ಕಪಕ್ಕದ ಒತ್ತಡದಿಂದಲೇ ಅವು ನಿಲ್ಲುವುವು. ಅಂಚು ಸರಿದರೆ ಹಗ್ಗ ಬಿಚ್ಚಿದ ಹುಲ್ಲಿನ ಹೊರೆಯಂತೆ ಎಲ್ಲವೂ ಸಡಿಲವಾಗುವುದು. ಚಪ್ಪರದ ಕಂಬಗಳಿಗೆ ಬೇಕಾದ ಕೊಳವೆಗಳನ್ನೂ ಈ ದಿವಸವೇ ಹೂಳಿಬಿಟ್ಟರೆ ಮುಂದೆ ಪ್ರತಿಸಲವೂ ಕಲ್ಲು ಕೀಳುವ ತೊಂದರೆ ತಪ್ಪುವುದು. ತೆಂಗಿನ ಮರವಿದ್ದರೆ ಬುಡದ ಸುತ್ತ ಮೂರು ಅಡಿಯಾದರೂ ಬಿಡತಕ್ಕದ್ದು.

೯, ೧೦ ಮತ್ತು ೧೧ನೆಯ ದಿವಸಗಳು: ಅಂಚಿನ ಕಾಂಕ್ರೀಟಿಗೆ ದಿವಸಕ್ಕೆ ಮೂರು ಸಲ ನೀರು ಹಾಕುವುದು. ಆಳುಗಳು ಬೇಡ, ಮನೆಯವರೇ ಒದ್ದೆ ಗೋಣಿಯನ್ನು ಹೊದಿಸಿ ನೋಡಿಕೊಳ್ಳಬಹುದು.

೧೨ನೆಯ ಮತ್ತು ೧೩ನೆಯ ದಿವಸ: ಮರಳನ್ನು ಒಂದಂಗುಲ ದಪ್ಪಕ್ಕೆ ಎಳೆದು ಸಮಮಾಡಿ, ಅದರ ಮೇಲೆ ಕಾಲಿಡದಂತೆ ಕಲ್ಲುಗಳನ್ನು ಜೋಡಿಸುತ್ತಾ ಹೋಗುವುದು. ನುರಿತ ಮೇಸ್ತ್ರಿಯು ಇಬ್ಬರು ಆಳುಗಳೊಡನೆ ದಿವಸಕ್ಕೆ ಸುಮಾರು ೨೦೦ ಚದರ ಅಡಿ ಜೋಡಿಸುವನು. ಜಲ್ಲಿಯಲ್ಲಿ ಉಳಿದ ಹಳ್ಳಗಳನ್ನು ಮರಳಿನಿಂದ ತುಂಬುವುದು ದೊಡ್ಡ ತಪ್ಪು. ಮರಳು ದಪ್ಪವಾದ ಕಡೆಯಲ್ಲಿಯೇ ಕಲ್ಲು ತಗ್ಗುವುದು.

೧೪ನೆಯ ದಿವಸ: ಅಂಚಿನ ಕಲ್ಲುಗಳನ್ನು ಕತ್ತರಿಸಿ ಕೂರಿಸಿ, ಯಂತ್ರದಿಂದ ದಮ್ಮಸು ಮಾಡಿ, ಒಣಗಿದ ಮರಳನ್ನು ಪೊರಕೆಯಿಂದ ಸಂದುಗಳಿಗೆ ತುಂಬಿ, ಮತ್ತೊಮ್ಮೆ ದಮ್ಮಸು ಮಾಡುವುದು. ಕೊನೆಗೆ ಗೋಡೆಯ ಮಗ್ಗುಲಲ್ಲಿ ನಾಲ್ಕು ಕೊಡ ನೀರು ಸುರಿದು ನೋಡಬೇಕು. ನೀರು ಎಲ್ಲಿಯೂ ನಿಲ್ಲದೆ ಹೊರಗೆ ಹೋದರೆ ಕೆಲಸ ಸರಿಯಾಗಿದೆಯೆಂದು ಅರ್ಥ.

ಒಂದು ವಾರವಾದ ಮೇಲೆ, ಅಂದರೆ ೨೧ನೆಯ ದಿವಸ, ಸಂದುಗಳಲ್ಲಿ ಇಳಿದಿರುವ ಮರಳನ್ನು ಮತ್ತೆ ತುಂಬುವುದು ಮನೆಯವರದೇ ಕೆಲಸ.

ಹದಿನಾಲ್ಕು ದಿವಸಗಳಲ್ಲಿ ಕಲ್ಲು ಜೋಡಿಸುವುದಕ್ಕೆ ಹಿಡಿದದ್ದು ಎರಡೇ ದಿವಸ ಎಂಬುದನ್ನು ವಾಚಕರು ಗಮನಿಸಬೇಕು. ಉಳಿದವೆಲ್ಲಾ ನೆಲಕ್ಕೂ ಅಂಚಿಗೂ ಸಲ್ಲತಕ್ಕವು.

೫. ಉಳಿಸಬಹುದಾದ ದಿವಸಗಳೂ ಉಳಿಸಕೂಡದ ದಿವಸಗಳೂ

ಜೆಸಿಬಿಯನ್ನು ತರಿಸಿದರೆ ಅಗೆತದಲ್ಲಿ ಒಂದು ದಿವಸ ಉಳಿಯುವುದು. ಇಬ್ಬರು ಮೇಸ್ತ್ರಿಗಳನ್ನು ಹಾಕಿದರೆ ಜೋಡಣೆಯಲ್ಲಿ ಇನ್ನೊಂದು ದಿವಸ ಉಳಿಯುವುದು. ಹೀಗೆ ಹದಿನಾಲ್ಕನ್ನು ಹನ್ನೆರಡು ಮಾಡಬಹುದು. ಅದಕ್ಕಿಂತ ಕಡಿಮೆ ಮಾಡಲು ಹೊರಟರೆ ನೆಲ ನೆನೆಯುವ ರಾತ್ರಿ, ಜಲ್ಲಿಯ ಎರಡನೆಯ ಪದರ, ಅಂಚು ಗಟ್ಟಿಯಾಗುವ ಮೂರು ದಿವಸ ಇವುಗಳನ್ನೇ ಕಡಿಯಬೇಕಾಗುವುದು. ಇವನ್ನು ಎಷ್ಟು ಆಳು ಹಾಕಿದರೂ, ಎಂಥ ಯಂತ್ರ ತಂದರೂ ಕೊಂಡುಕೊಳ್ಳಲಾಗುವುದಿಲ್ಲ. ಒಲೆಯ ಉರಿ ಹೆಚ್ಚಿಸಿದರೆ ಮುದ್ದೆಯ ತಳ ಸೀಯುವುದೇ ಹೊರತು ಹಿಟ್ಟು ಬೇಗ ಬೇಯುವುದಿಲ್ಲ.

ನಮ್ಮ ಹಿರಿಯರು ಮಣ್ಣಿನ ಕಣವನ್ನು ಮಾಡುತ್ತಿದ್ದ ಕ್ರಮವನ್ನು ನೆನೆದರೆ ಈ ಮಾತು ಹೊಸದಲ್ಲವೆಂದು ತಿಳಿಯುವುದು. ಮೇಲಿನ ಹುಲ್ಲನ್ನು ಕೆತ್ತಿ, ನೀರು ಹಾಕಿ, ದನಗಳಿಂದ ತುಳಿಸಿ, ಒಣಗಲು ಬಿಡುವರು. ಬಿರುಕು ಬಿಟ್ಟರೆ ಮತ್ತೆ ನೀರು ಹಾಕಿ ಬಡಿಯುವರು. ನೆಲ ಬಿರಿಯುವುದನ್ನು ನಿಲ್ಲಿಸಿದ ಮೇಲೆಯೇ ಸಗಣಿಯಿಂದ ಸಾರಿಸಿ, ಮಧ್ಯದಲ್ಲಿ ಮೇಟಿಯನ್ನು ನೆಟ್ಟು ಪೂಜೆಮಾಡುವರು. ಅವರಿಗೆ ಸಿಮೆಂಟಿನ ಕಲ್ಲು ಗೊತ್ತಿರಲಿಲ್ಲ. ಆದರೆ ನೆಲಕ್ಕೆ ಕೊಡಬೇಕಾದ ಬಿಡುವು ಗೊತ್ತಿತ್ತು.

೬. ಚಪ್ಪಡಿ ಕಲ್ಲಿನ ಅಂಗಳ

ಹೆಚ್ಚಾಗಿ ಒಕ್ಕಣೆಮಾಡುವವರಿಗೆ ಪೇವರ್ ಕಲ್ಲಿಗಿಂತ ಚಪ್ಪಡಿಯೇ ಮೇಲು. ರಾಗಿಯ ಕಾಳು ಬಹು ಸಣ್ಣದು. ಪೇವರ್ ಕಲ್ಲುಗಳ ಮರಳಿನ ಸಂದುಗಳು ಅದನ್ನು ನುಂಗಿಬಿಡುವುವು. ಪೇವರ್ ಅಂಗಳದಲ್ಲಿ ಟಾರ್ಪಾಲು ಹಾಸಿಯೋ, ಸಂದುಗಳು ಮುಚ್ಚುವಂತೆ ಸಗಣಿಯಿಂದ ಸಾರಿಸಿಯೋ ಕಾಳನ್ನು ಹರಡಬೇಕು. ಚಪ್ಪಡಿಯ ಅಂಗಳದಲ್ಲಿ ಸಂದುಗಳು ಕಡಿಮೆ, ಅವೂ ಸಿಮೆಂಟಿನಿಂದ ಮುಚ್ಚಿರುವುವು.

ಬೆಂಗಳೂರಿನ ಸುತ್ತಲಿನ ಕಲ್ಲು ಇದಕ್ಕೆ ಹೇಳಿಮಾಡಿಸಿದಂತಿದೆ. ಲಾಲ್‌ಬಾಗಿನ ಬಂಡೆಯನ್ನು ನೋಡಿದವರು ಇದನ್ನು ಬಲ್ಲರು. ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದಾದ ಆ ಜಾತಿಯ ಕಲ್ಲು ಈ ಸೀಮೆಯ ಬಹುಭಾಗದ ತಳಹದಿಯಾಗಿದೆ. ಆದರೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಂಗುಲ ದಪ್ಪದ ಒಂದು ಚಪ್ಪಡಿಯೇ ಸುಮಾರು ೧೫೦ ಕಿಲೋಗ್ರಾಂ ತೂಗುವುದು. ಮಾದರಿ ಅಂಗಳಕ್ಕೆ ಇಂಥವು ೫೦ ಬೇಕು. ಒಂದೊಂದನ್ನೂ ನಾಲ್ವರು ಹಿಡಿದು ಇಳಿಸಿ ಕೂರಿಸಬೇಕಾದುದರಿಂದ ಜೋಡಣೆಗೆ ಎರಡರ ಬದಲು ನಾಲ್ಕೈದು ದಿವಸ ಹಿಡಿಯುವುದು. ಸಂದಿನ ಗಾರೆಗೆ ಏಳು ದಿವಸ ನೀರು ಹಾಕಬೇಕು. ನೆಲದ ಕೆಲಸವು ಅಷ್ಟೇ ಇರುವುದರಿಂದ ಒಟ್ಟು ಮೂರು ವಾರಗಳಿಗೆ ಮೇಲೆ ಆಗುವುದು. ಗುಂಡನ್ನಾಗಲಿ ಟ್ರ್ಯಾಕ್ಟರನ್ನಾಗಲಿ ಅದರ ಮೇಲೆ ಹಾಯಿಸುವುದಕ್ಕೆ ಇನ್ನೂ ಎರಡು ವಾರ ತಡೆಯುವುದು ಲೇಸು.

೭. ಯಾವ ತಿಂಗಳಲ್ಲಿ ಆರಂಭಿಸಬೇಕು?

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೯೭೦ ಮಿಲಿಮೀಟರು, ಅಂದರೆ ೩೮ ಅಂಗುಲ ಮಳೆಯಾಗುವುದು. ಮೇ ತಿಂಗಳ ಗುಡುಗುಮಳೆಯಿಂದ ಆರಂಭವಾಗಿ ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ ಮಳೆ ಜೋರಾಗುವುದು. ರಾಗಿಯ ಕೊಯ್ಲು ನವೆಂಬರ್, ಡಿಸೆಂಬರುಗಳಲ್ಲಿ. ಕೆಲವು ವಾರ ಬಣವೆಯಲ್ಲಿಟ್ಟು ಸಂಕ್ರಾಂತಿಯ ಆಸುಪಾಸಿನಲ್ಲಿಯೂ ಅನಂತರವೂ ಒಕ್ಕಣೆ. ಮಳೆ ನಿಂತ ಮೇಲೆ ಒಕ್ಕಣೆಗೆ ಮೊದಲು ಅಂಗಳವನ್ನು ಮುಗಿಸಿಬಿಡೋಣವೆಂದು ಹಲವರು ನವೆಂಬರಿನಲ್ಲಿ ಕೆಲಸ ಹಿಡಿಯುವರು. ಆಗ ನೆಲದಲ್ಲಿ ತೇವ ಇನ್ನೂ ಆರಿರುವುದಿಲ್ಲ, ಕೊಯ್ಲಿನ ಕಾಲವಾದುದರಿಂದ ಆಳುಗಳೂ ಸಿಕ್ಕುವುದಿಲ್ಲ.

ನನ್ನ ಸಲಹೆಯು ಇದಕ್ಕೆ ವಿರುದ್ಧವಾಗಿದೆ. ಈ ವರ್ಷದ ಒಕ್ಕಣೆಯನ್ನು ಹೇಗಾದರೂ ಮುಗಿಸಿಕೊಂಡು ಫೆಬ್ರವರಿಯ ಮಧ್ಯದಿಂದ ಏಪ್ರಿಲಿನ ಮಧ್ಯದೊಳಗೆ ಕೆಲಸವನ್ನು ಮಾಡಿಸಬೇಕು. ಆಗ ಮುಂದಿನ ಒಕ್ಕಣೆಗೆ ಮೊದಲು ಒಂದು ಪೂರ್ತಿ ಮಳೆಗಾಲವು ಅಂಗಳದ ಮೇಲೆ ಹಾದುಹೋಗುವುದು. ಎಲ್ಲಿ ತಗ್ಗುವುದೋ, ಎಲ್ಲಿ ನೀರು ನಿಲ್ಲುವುದೋ ಮಳೆಯೇ ತೋರಿಸಿಕೊಡುವುದು. ಪೇವರ್ ಕಲ್ಲಿನ ಗುಣವೇನೆಂದರೆ, ತಗ್ಗಿದ ಕಡೆ ಕಲ್ಲುಗಳನ್ನು ಎತ್ತಿ ಕೆಳಗೆ ಸರಿಪಡಿಸಿ ಅವನ್ನೇ ಮತ್ತೆ ಕೂರಿಸಬಹುದು. ಡಿಸೆಂಬರಿನಲ್ಲಿ ಒಂದೆರಡು ದಿವಸದ ಕೆಲಸದಿಂದ ಇದು ಮುಗಿಯುವುದು.

ಮದುವೆಗಾಗಿ ಹಾಕಿಸುವವರು ಚಪ್ಪರದ ದಿವಸದಿಂದ ಹಿಂದಕ್ಕೆ ಎಣಿಸಬೇಕು. ಕೆಲಸಕ್ಕೆ ಎರಡು ವಾರ, ಮರಳು ಕೂರಲು ಒಂದು ವಾರ, ಸಾಮಾನು ತಡವಾದರೆ ಅಥವಾ ಅಡ್ಡಮಳೆ ಬಂದರೆ ಎಂದು ಒಂದು ವಾರ. ಒಟ್ಟು ನಾಲ್ಕು ವಾರ. ಅಷ್ಟು ಅವಧಿಯಿಲ್ಲದಿದ್ದರೆ ಮಣ್ಣಿನ ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿಸುವುದೇ ಗೌರವ. ಬೀಗರು ಅದನ್ನು ನೋಡಿ ನಗುವುದಿಲ್ಲ. ಕುಸಿದ ಅಂಗಳವನ್ನು ನೋಡಿ ನಗುವರು.

ಅಂಗಳದಿಂದ ಹರಿಯುವ ನೀರನ್ನೂ ವ್ಯರ್ಥಮಾಡಕೂಡದು. ೪೦೦ ಚದರ ಅಡಿಯ ಮೇಲೆ ವರ್ಷಕ್ಕೆ ಸುಮಾರು ೩೬,೦೦೦ ಲೀಟರು ಮಳೆ ಬೀಳುವುದು. ಸ್ವಲ್ಪ ಭಾಗವು ಸಂದುಗಳಲ್ಲಿ ಇಂಗುವುದು. ಉಳಿದುದನ್ನು ಇಳಿಜಾರಿನ ಕೊನೆಯಲ್ಲಿ ಗೋಡೆಯಿಂದ ದೂರವಾಗಿ ತೋಡಿದ ಇಂಗುಗುಂಡಿಗೆ ಬಿಟ್ಟರೆ ನೆಲದೊಳಗಿನ ನೀರಿಗೆ ಅಷ್ಟಾದರೂ ಹಿಂದಿರುಗಿಸಿದಂತಾಗುವುದು.

೮. ಕರಾರು

ಕೆಲಸವನ್ನು ಬಾಯಿಮಾತಿನಲ್ಲಿ ಒಪ್ಪಿಸಬಾರದು. ಅಗೆತದ ಆಳ, ಜಲ್ಲಿಯ ದಪ್ಪ, ಪದರಗಳ ಸಂಖ್ಯೆ, ಕಲ್ಲಿನ ದಪ್ಪ, ಇಳಿಜಾರು ಇವುಗಳನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ರುಜು ಮಾಡಬೇಕು. ಹಣವನ್ನು ನಾಲ್ಕು ಕಂತುಗಳಲ್ಲಿ ಕೊಡತಕ್ಕದ್ದು: ನೆಲದ ದಮ್ಮಸಾದ ಮೇಲೆ ಒಂದು, ಜಲ್ಲಿಯ ಹಾಸು ಮುಗಿದ ಮೇಲೆ ಒಂದು, ಕಲ್ಲು ಜೋಡಿಸಿದ ಮೇಲೆ ಒಂದು, ಕೊನೆಯದಾಗಿ ಹತ್ತರಲ್ಲಿ ಒಂದು ಪಾಲನ್ನು ಮೊದಲನೆಯ ದೊಡ್ಡ ಮಳೆ ಬಂದು ಹೋದ ಮೇಲೆ. ಪ್ರತಿಯೊಂದು ಕಂತಿಗೂ ಮೊದಲು ಯಜಮಾನನು ತಾನೇ ಬಗ್ಗಿ ಅಳೆದು ನೋಡಬೇಕು. ಏಕೆಂದರೆ ಕಲ್ಲು ಮುಚ್ಚಿದ ಮೇಲೆ ಕೆಳಗಿರುವುದು ಯಾರಿಗೂ ಕಾಣುವುದಿಲ್ಲ. ಹಾಗೆಯೇ ಕರಾರಿನಂತೆ ಕೆಲಸ ಮಾಡಿದವನಿಗೆ ಕೊನೆಯ ಕಂತನ್ನು ತಪ್ಪದೆ ಕೊಡುವುದೂ ಯಜಮಾನನ ಧರ್ಮ. ಅದನ್ನು ನುಂಗುವವರಿಗೆ ಒಳ್ಳೆಯ ಮೇಸ್ತ್ರಿಗಳು ಎರಡನೆಯ ಸಲ ದೊರೆಯುವುದಿಲ್ಲ.

ಸಾರಾಂಶ

(೧) ೪೦೦ ಚದರ ಅಡಿಯ ಅಂಗಳಕ್ಕೆ ಪೇವರ್ ಕಲ್ಲು ಹಾಸಲು ಹದಿನಾಲ್ಕು ದಿವಸ, ಚಪ್ಪಡಿಗೆ ಮೂರು ವಾರಗಳಿಗೆ ಮೇಲೆ ಎಂದು ತಿಳಿಯತಕ್ಕದ್ದು.

(೨) ಯಂತ್ರಗಳಿಂದ ಒಂದೆರಡು ದಿವಸ ಉಳಿಯಬಹುದು. ನೆನೆಯುವ, ಕೂರುವ, ಗಟ್ಟಿಯಾಗುವ ದಿವಸಗಳನ್ನು ಉಳಿಸಕೂಡದು.

(೩) ಜೇಡಿಮಣ್ಣಿಗೆ ಎರಡು ಮೂರು ದಿವಸ, ಹಳೆಯ ಹಗೇವಿಗೆ ಐದಾರು ದಿವಸ ಹೆಚ್ಚು.

(೪) ಫೆಬ್ರವರಿಯಿಂದ ಏಪ್ರಿಲಿನೊಳಗೆ ಹಾಸಿ, ಒಂದು ಮಳೆಗಾಲವನ್ನು ಕಳೆದು, ಡಿಸೆಂಬರಿನಲ್ಲಿ ತಿದ್ದಿ, ಸಂಕ್ರಾಂತಿಗೆ ಒಕ್ಕಣೆಯನ್ನು ಹಿಡಿಯಬೇಕು.

ಕೊನೆಯದಾಗಿ ಒಂದು ಮಾತು. ಅಗೆಯುವುದಕ್ಕೆ ಮೊದಲು ಮನೆಯಲ್ಲಿರುವ ಹಿರಿಯರನ್ನು ಕೇಳಿರಿ. ಹಗೇವು ಎಲ್ಲಿತ್ತು, ಹಳೆಯ ಬಾವಿ ಎಲ್ಲಿತ್ತು, ಮಳೆಯ ನೀರು ಯಾವ ಕಡೆಗೆ ಹೋಗುತ್ತಿತ್ತು ಎಂಬುದು ಯಾವ ನಕ್ಷೆಯಲ್ಲಿಯೂ ಇಲ್ಲ, ಅವರ ನೆನಪಿನಲ್ಲಿದೆ. ಅವರು ಇರುವಾಗಲೇ ಆ ಸ್ಥಳಗಳಲ್ಲಿ ಒಂದೊಂದು ಕಲ್ಲು ನೆಟ್ಟು ಗುರುತುಮಾಡಿ, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ಈ ಕೆಲಸಕ್ಕೆ ಒಂದು ಸಂಜೆ ಸಾಕು.